ಧೂಳೋ ನೆಗಡಿಯೋ

ಶಿವಾರಪಟ್ಟಣದಲ್ಲಿ ಯಾರಾದರೂ ಕೆಮ್ಮಿದರೆ ಎದುರಿಗಿದ್ದವರು ಮೊದಲು ಕೇಳುವುದು, "ಧೂಳಾ, ನೆಗಡೀನಾ?" ಎಂದು. ಕಲ್ಲು ಕೆತ್ತುವ ಊರು. ಬೀದಿಯುದ್ದಕ್ಕೂ ಶೆಡ್ಡುಗಳು, ಶೆಡ್ಡಿಗೊಂದೋ ಎರಡೋ ಕಟಿಂಗ್ ಮಷೀನು. ಬೆಳಗ್ಗೆ ಕೆಲಸ ಶುರುವಾದ ಅರ್ಧ ಗಂಟೆಗೆಲ್ಲ ದೇವರ ಮುಖವೂ ಕೆತ್ತುವವರ ಮುಖವೂ ಒಂದೇ ಬಣ್ಣಕ್ಕೆ ತಿರುಗಿರುತ್ತವೆ. ಹಾಗಾಗಿ ಇಲ್ಲಿ ಕೆಮ್ಮನ್ನು ಕಾಯಿಲೆ ಎಂದು ಯಾರೂ ಎಣಿಸುವುದಿಲ್ಲ. "ಧೂಳು" ಎಂದು ಉತ್ತರ ಕೊಟ್ಟವನು ಯಾರ ಮನೆಯೊಳಕ್ಕಾದರೂ ಹೋಗಬಹುದು, ಯಾರ ಪಕ್ಕದಲ್ಲಾದರೂ ಕೂತು ಉಣ್ಣಬಹುದು, ಬಾಣಂತಿ ಕೋಣೆಯ ಬಾಗಿಲಲ್ಲೂ ಅವನನ್ನು ತಡೆಯುವವರಿಲ್ಲ. "ನೆಗಡಿ" ಎಂದವನನ್ನು ಮಾತ್ರ ಜಗಲಿಯಲ್ಲೇ ಕೂರಿಸಿ ಕಾಫಿ ಕೊಟ್ಟು ಕಳಿಸುತ್ತಾರೆ. ಧೂಳು ಅಂಟುವುದಿಲ್ಲ, ನೆಗಡಿ ಅಂಟುತ್ತದೆ. ಅಷ್ಟರ ಮಟ್ಟಿಗೆ ನಮ್ಮೂರಿನವರೆಲ್ಲ ವಿಜ್ಞಾನಿಗಳೇ.

ನಾನು ಈ ಊರಿಗೆ ಸೊಸೆಯಾಗಿ ಬಂದವಳು. ತವರು ಮುಳಬಾಗಿಲಿನಾಚೆ, ಆಂಧ್ರದ ಗಡಿಗೆ ಹತ್ತಿಕೊಂಡಿರುವ ಹಳ್ಳಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಅಲ್ಲಿ ನೆಗಡಿಯನ್ನು ಜಲುಬು ಅನ್ನುತ್ತಿದ್ದೆವು, ಕೆಮ್ಮನ್ನು ದಗ್ಗು ಅನ್ನುತ್ತಿದ್ದೆವು, ಎರಡಕ್ಕೂ ಅದೇ ಮೆಣಸಿನ ಕಷಾಯ ಕುಡಿದು ಕಂಬಳಿ ಎಳೆದುಕೊಳ್ಳುತ್ತಿದ್ದೆವು. ಎಲ್ಲಿಂದ ಬಂತು, ಯಾರಿಂದ ಬಂತು ಎಂದು ವಿಚಾರಣೆ ನಡೆಸಿದ್ದು ನನಗೆ ನೆನಪಿಲ್ಲ. ಈ ಪ್ರಶ್ನೆಯನ್ನು ನಾನು ಕಲಿತದ್ದು ಗಂಡನ ಮನೆಯಲ್ಲಿ. ಉತ್ತರವನ್ನೂ ಇಲ್ಲೇ ಕಲಿತೆ.

ನನ್ನ ಕೆಲಸ ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಯ ಲ್ಯಾಬಿನಲ್ಲಿ. ಮೊದಲೆಲ್ಲ ರಕ್ತ, ಮೂತ್ರ, ಕಫ ಇಷ್ಟೇ ಇತ್ತು. ಕೊರೊನಾ ಬಂದು ಹೋದ ಮೇಲೆ ಜನರ ಮೂಗು ಗಂಟಲುಗಳೂ ನನ್ನ ಪಾಲಿಗೆ ಬಂದವು. ಬಂದು ಹೋಯಿತು ಅನ್ನುವುದು ಬಾಯಿಮಾತು. ಹೋದದ್ದು ಹೆದರಿಕೆ ಮಾತ್ರ, ಹತ್ತಿ ಸುತ್ತಿದ ಆ ಕಡ್ಡಿ ನನ್ನ ಕೈಯಲ್ಲೇ ಉಳಿಯಿತು. ಮಳೆ ಹಿಂದಾಗಿ ಚಳಿ ಕಾಲಿಡುವ ಹೊತ್ತಿಗೆ ಪ್ರತಿ ವರ್ಷ ಹೊರರೋಗಿಗಳ ಸಾಲು ಗೇಟಿನವರೆಗೂ ಬೆಳೆಯುತ್ತದೆ. ಟೊಮೆಟೊ ಮಂಡಿಯಲ್ಲಿ ಕ್ರೇಟು ಹೊರುವವರು, ರೇಷ್ಮೆ ಹುಳು ಸಾಕುವ ಹೆಂಗಸರು, ನರಸಾಪುರದ ಫ್ಯಾಕ್ಟರಿಗಳಲ್ಲಿ ಶಿಫ್ಟು ಮುಗಿಸಿ ಕಂಪನಿ ಬಸ್ಸಿನಿಂದ ನೇರ ಬಂದಿಳಿದ ಹುಡುಗಿಯರು. ಚಳಿ ಎಂದು ಬಸ್ಸಿನ ಕಿಟಕಿಗಳನ್ನೆಲ್ಲ ಮುಚ್ಚಿಕೊಂಡು ಒಬ್ಬರ ಉಸಿರನ್ನು ಒಬ್ಬರು ಕುಡಿದರೆ ಇನ್ನೇನಾಗುತ್ತದೆ? ಒಬ್ಬಳ ನೆಗಡಿ ಒಂದು ವಾರದಲ್ಲಿ ಇಡೀ ಲೈನಿನದಾಗುತ್ತದೆ.

ಅವರಲ್ಲಿ ಕೆಲವರನ್ನು ಡಾಕ್ಟರು ಚೀಟಿ ಬರೆದು ನನ್ನ ಹತ್ತಿರ ಕಳಿಸುತ್ತಾರೆ. ನಾನು "ಬಾಯಿ ತೆಗೀರಿ, ಆ ಅನ್ನಿ" ಎನ್ನುತ್ತೇನೆ. ಅವರು ಆ ಅನ್ನುವುದಕ್ಕೆ ಮೊದಲೇ ನನ್ನ ಮುಖಕ್ಕೆ ಕೆಮ್ಮುತ್ತಾರೆ. ಆಮೇಲೆ "ಸಾರಿ ಮೇಡಮ್" ಎಂದು ಇನ್ನೊಂದು ಸಲ ಕೆಮ್ಮುತ್ತಾರೆ. ಕಡ್ಡಿಯನ್ನು ಟ್ಯೂಬಿಗೆ ಮುರಿದು ಹಾಕಿ, ಹೆಸರು ವಯಸ್ಸು ಅಂಟಿಸಿ, ಐಸ್ ಪೆಟ್ಟಿಗೆಯಲ್ಲಿ ಬೆಂಗಳೂರಿಗೆ ಕಳಿಸಬೇಕು. ವಾರವೋ ಹತ್ತು ದಿನವೋ ಕಳೆದ ಮೇಲೆ ಹಾಳೆ ಬರುತ್ತದೆ. ಒಂದೊಂದು ಹೆಸರಿನ ಮುಂದೆ ಒಂದೊಂದು ವೈರಸ್ಸು: ಇನ್‌ಫ್ಲುಯೆಂಜಾ, ಆರ್‌ಎಸ್‌ವಿ, ಅಡಿನೋ, ರೈನೋ. ಅಷ್ಟರಲ್ಲಿ ಆ ಮನುಷ್ಯ ವಾಸಿಯಾಗಿ ತೋಟದಲ್ಲಿ ಔಷಧಿ ಹೊಡೆಯುತ್ತಿರುತ್ತಾನೆ. ಫೋನು ಮಾಡಿ ಹೇಳಿದರೆ "ವೈರಲ್ಲಾ ಮೇಡಮ್, ಸರಿ ಬಿಡಿ" ಎಂದು ಇಟ್ಟುಬಿಡುತ್ತಾನೆ. ಮೊದಲ ವರ್ಷ ನಾನು ಬಿಡಿಸಿ ಬಿಡಿಸಿ ಹೇಳುತ್ತಿದ್ದೆ. ಈಗ ಹೇಳಿ ಹೇಳಿ ಬಾಯಿ ಸೋತುಹೋಗಿದೆ.

ಹೋದ ಚಳಿಗಾಲದಲ್ಲಿ ನನ್ನ ನಾದಿನಿ, ಅಂದರೆ ಗಂಡನ ತಂಗಿ, ಬಾಣಂತನಕ್ಕೆ ನಮ್ಮ ಮನೆಯಲ್ಲಿದ್ದಳು. ಅವಳನ್ನು ಕೊಟ್ಟಿರುವುದು ಶ್ರೀನಿವಾಸಪುರದ ಕಡೆ, ಮಾವಿನ ತೋಟದವರ ಮನೆಗೆ. ಮೊದಲ ಮಗು, ಹೆಣ್ಣು. ಮನೆಯಲ್ಲಿ ಮಗು ಅತ್ತದ್ದು ಎಷ್ಟೋ ವರ್ಷಗಳ ಮೇಲೆ. ನನಗೆ ಮದುವೆಯಾಗಿ ಆರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಇದನ್ನು ಇಲ್ಲಿ ಬರೆಯದಿದ್ದರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ, ಅದಕ್ಕೆ ಬರೆದಿದ್ದೇನೆ.

ಬಾಣಂತಿ ಕೋಣೆಗೆ ನಮ್ಮತ್ತೆಯೇ ಕಾವಲು. ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎರೆದು, ಸಾಂಬ್ರಾಣಿ ಹೊಗೆ ಹಾಕಿ, ಬಜೆ ತೇಯ್ದು ನಾಲಿಗೆಗೆ ಸವರಿ, ಬಿಗಿಯಾಗಿ ಬಟ್ಟೆ ಸುತ್ತಿ ಮಲಗಿಸಿ, ಆಮೇಲೆ ಬಾಗಿಲಲ್ಲಿ ಕೂತರೆಂದರೆ ಸೊಳ್ಳೆಯೂ ಅನುಮತಿ ಕೇಳಬೇಕು. ಪಕ್ಕದ ಮನೆಯವಳು ಮೂಗು ಸೊರ್ ಎನ್ನಿಸಿದ್ದಕ್ಕೆ ತಂದಿದ್ದ ಕುಲಾವಿಯನ್ನು ಹೊರಗಿನಿಂದಲೇ ಇಸಿದುಕೊಂಡು ಕಳಿಸಿದ್ದರು. ನಾನು ಆಸ್ಪತ್ರೆಯಿಂದ ಬಂದರೆ ಹಿತ್ತಲ ಬಾಗಿಲಿಂದ ಬಚ್ಚಲಿಗೆ ಹೋಗಿ, ಬಟ್ಟೆ ಬದಲಾಯಿಸಿ, ಮೊಣಕೈವರೆಗೆ ಸೋಪು ಹಾಕಿ ತೊಳೆದು ಬರಬೇಕಿತ್ತು. ನನಗೆ ಸಿಟ್ಟೇನೂ ಇರಲಿಲ್ಲ. ನಾನು ಜನರಿಗೆ ದಿನವೂ ಹೇಳಿ ಸೋತಿದ್ದನ್ನು ಅವರು ಒಂದು ಗದರಿಕೆಯಲ್ಲಿ ಮಾಡಿಸುತ್ತಿದ್ದರು.

ಆ ಕಾವಲು ಯಾವತ್ತೂ ತಡೆಯದಿದ್ದದ್ದು ಮಾವನವರನ್ನು. ಅವರ ಕೆಮ್ಮಿಗೆ ನನ್ನ ಗಂಡನಿಗಿಂತ ಹೆಚ್ಚು ವಯಸ್ಸು. ದೊಡ್ಡ ಕಲ್ಲು ಒಡೆಯುವ, ಕೊರೆಯುವ ಕೆಲಸ ಬಿಟ್ಟು ಎಷ್ಟೋ ವರ್ಷವಾಗಿತ್ತು. ಮೂರ್ತಿಗಳ ಮುಖದ ಕೆಲಸ ಮಾತ್ರ ಮಾಡುತ್ತಿದ್ದರು. ಬೇರೆಯವರು ಮೈಯೆಲ್ಲ ಮುಗಿಸಿ ತಂದರೆ ಇವರು ಸಣ್ಣ ಉಳಿ ಹಿಡಿದು ಹುಬ್ಬು, ತುಟಿ, ಕಣ್ಣು ಬಿಡಿಸುತ್ತಿದ್ದರು. ಸಂಜೆ ಐದೂವರೆಗೆ ಕೆಲಸ ನಿಲ್ಲಿಸಿ, ತಲೆಗೆ ನೀರು ಹಾಕಿಕೊಂಡು, ಒಗೆದ ಪಂಚೆ ಉಟ್ಟು ಬಾಣಂತಿ ಕೋಣೆಗೆ ಬರುತ್ತಿದ್ದರು. ಮಗುವನ್ನು ಚಾಚಿದ ಕಾಲ ಮೇಲೆ ಮಲಗಿಸಿಕೊಂಡು ಅರ್ಧ ಗಂಟೆ ನೋಡುತ್ತಾ ಕೂರುವುದು. ಕೆಮ್ಮು ಬಂದರೆ ತಲೆ ಪಕ್ಕಕ್ಕೆ ಹೊರಳಿಸಿ ಹೆಗಲ ಟವೆಲ್ಲಿಗೆ ಕೆಮ್ಮುವುದು, ಮತ್ತೆ ನೋಡುವುದು. ಒಂದು ದಿನ ಹೆಬ್ಬೆರಳನ್ನು ಮಗುವಿನ ಹುಬ್ಬಿನ ಮೇಲೆ ಹಗುರವಾಗಿ ಎಳೆದು, "ಈ ತಿರುವು ನೋಡಮ್ಮ. ನಲವತ್ತು ವರ್ಷ ಕೆತ್ತಿದ್ರೂ ನನ್ನ ಕೈಗೆ ಬರ್ಲಿಲ್ಲ" ಎಂದಿದ್ದರು. ಮಾತು ಕಡಿಮೆಯ ಮನುಷ್ಯ, ಅಷ್ಟು ಹೇಳಿದ್ದೇ ಹೆಚ್ಚು.

ಮಗುವಿಗೆ ಒಂದೂವರೆ ತಿಂಗಳಾಗಿತ್ತು. ಅವತ್ತು ಲ್ಯಾಬಿನಲ್ಲಿ ನಾನೊಬ್ಬಳೇ. ನನ್ನ ಜೊತೆಯವಳು ಜ್ವರ ಎಂದು ಎರಡು ದಿನದಿಂದ ಬಂದಿರಲಿಲ್ಲ. ಬೆಳಗ್ಗಿನಿಂದ ಗಂಟಲಿನಲ್ಲಿ ಕೂದಲು ಸಿಕ್ಕಿಕೊಂಡಂತೆ ಕೆರೆತ. ಮಧ್ಯಾಹ್ನದ ಡಬ್ಬಿ ತೆಗೆಯಲಿಕ್ಕೂ ಪುರುಸೊತ್ತಿರಲಿಲ್ಲ. ಸಂಜೆ ಬಸ್ಸಿನಲ್ಲಿ ನಿಂತೇ ಬಂದೆ. ಸ್ಟಾಪಿನಲ್ಲಿ ಇಳಿದು ಶೆಡ್ಡುಗಳ ನಡುವಿನ ದಾರಿಯಲ್ಲಿ ಬರುವಾಗ ಎರಡು ಸಲ ಒಣಕೆಮ್ಮು ಬಂತು. ಬಟ್ಟೆ ಬದಲಾಯಿಸಿ, ಕೈ ತೊಳೆದು ಒಳಗೆ ಬರುತ್ತಿದ್ದಂತೆ ಇನ್ನೊಂದು ಸಲ.

ಅತ್ತೆ ಬಾಗಿಲಲ್ಲಿ ಸೊಪ್ಪು ಸೋಸುತ್ತಿದ್ದವರು ತಲೆ ಎತ್ತಿದರು. "ಧೂಳಾ, ನೆಗಡೀನಾ?"

"ಧೂಳು" ಎಂದೆ.

ನಾನು ಅದನ್ನು ಯೋಚಿಸಿ ಹೇಳಲಿಲ್ಲ ಎಂದು ಎಷ್ಟೋ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಯೋಚಿಸಿದ್ದೆ. ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಯೋಚಿಸಿದ್ದೆ. ನೆಗಡಿ ಎಂದರೆ ನನ್ನ ಹಾಸಿಗೆ ಹಿಂದಿನ ಕೋಣೆಗೆ ಹೋಗುತ್ತಿತ್ತು, ಎಂಟು ದಿನ ಅಡುಗೆಮನೆಗೂ ಬರುವಂತಿರಲಿಲ್ಲ, ಅತ್ತೆಯೇ ಒಂದು ಕಡೆ ಬಾಣಂತನ ಇನ್ನೊಂದು ಕಡೆ ಒಲೆ ಎಂದು ಸಾಯಬೇಕಿತ್ತು. ಇವೆಲ್ಲ ನಿಜ. ಆದರೆ ಇವು ಯಾವುವೂ ಕಾರಣವಲ್ಲ. ಇಡೀ ದಿನ ಊರವರ ಬಾಯಿ ನೋಡಿ ನೋಡಿ ಸಾಕಾಗಿದ್ದ ನನಗೆ ಆ ಒಂದು ಸಣ್ಣ ಬಾಯಿ ನೋಡಬೇಕಿತ್ತು. ಮಗು ಬೇಕಿತ್ತು ನನಗೆ, ಅಷ್ಟೇ. ಮಾಸ್ಕು ಬ್ಯಾಗಿನಲ್ಲಿತ್ತು. ಹಾಕಿಕೊಂಡರೆ ನನ್ನ ಉತ್ತರವೇ ಸುಳ್ಳಾಗುತ್ತಿತ್ತಲ್ಲ, ಹಾಕಿಕೊಳ್ಳಲಿಲ್ಲ.

ನಾದಿನಿ ಊಟಕ್ಕೆ ಕೂತಾಗ ಮಗು ನನ್ನ ಮಡಿಲಿಗೆ ಬಂತು. ಕೈ ಹಾಗೇ ನನ್ನ ಮೂಗಿನ ಮೇಲೆ ಇಟ್ಟಿತು. ನಾನು ಅದರ ನೆತ್ತಿಯ ವಾಸನೆ ತೆಗೆದುಕೊಂಡೆ, ಮುಖದ ಹತ್ತಿರ ಮುಖ ಇಟ್ಟು ಏನೇನೋ ತೆಲುಗಿನಲ್ಲಿ ಮಾತಾಡಿಸಿದೆ. ಬೇರೆ ಯಾರ ಹತ್ತಿರವೂ ಈ ಮನೆಯಲ್ಲಿ ನಾನು ತೆಲುಗು ಆಡುವುದಿಲ್ಲ. ಮೂರು ದಿನ ಹೀಗೇ ನಡೆಯಿತು. ನನ್ನ ಗಂಟಲು ನಾಲ್ಕನೇ ದಿನಕ್ಕೆ ತಾನಾಗಿಯೇ ಸರಿಹೋಯಿತು. ಜ್ವರವಿಲ್ಲ, ಮೂಗು ಸೋರಲಿಲ್ಲ. ಧೂಳೇ ಇರಬೇಕು ಎಂದು ನಾನೂ ನಂಬಿದೆ.

ಐದನೇ ದಿನ ಮಗುವಿನ ಮೂಗು ಕಟ್ಟಿತು. ಆರನೇ ದಿನ ಹಾಲು ಬಿಡತೊಡಗಿತು, ನಾಲ್ಕು ಗುಟುಕು ಎಳೆದು ಬಾಯಿ ಬಿಟ್ಟು ಅಳುವುದು. ಅತ್ತೆ ವೀಳ್ಯದೆಲೆ ಬಿಸಿ ಮಾಡಿ ಎದೆಗೆ ಹಾಕಿದರು, ದೊಡ್ಡಪತ್ರೆ ಬಾಡಿಸಿ ರಸ ತೆಗೆದರು, ಸಾಂಬ್ರಾಣಿಯನ್ನು ಎಂದಿನದಕ್ಕಿಂತ ಹೆಚ್ಚು ಹಾಕಿದರು. ಮಾರನೆಯ ಬೆಳಗ್ಗೆ ನಾನು ಕೆಲಸಕ್ಕೆ ಹೊರಟು ಸೀರೆಗೆ ಪಿನ್ನು ಹಾಕುತ್ತಿದ್ದಾಗ ಕೋಣೆಯಿಂದ ಒಂದು ಸದ್ದು ಕೇಳಿತು. ಅಳುವಲ್ಲ, ಪ್ರತಿ ಉಸಿರಿನ ಕೊನೆಗೆ ಮುಲುಕುವ ಸಣ್ಣ ಸದ್ದು. ಒಳಗೆ ಹೋಗಿ ಸುತ್ತಿದ ಬಟ್ಟೆ ಬಿಚ್ಚಿ ನೋಡಿದೆ. ಉಸಿರು ಎಳೆದಾಗಲೆಲ್ಲ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ಲ್ಯಾಬಿನ ಪಕ್ಕದ ಮಕ್ಕಳ ವಾರ್ಡಿನಲ್ಲಿ ಅದನ್ನು ನಾನು ಕಂಡಿದ್ದೆ, ಕಂಡ ತಕ್ಷಣ ನರ್ಸುಗಳು ಹೇಗೆ ಓಡುತ್ತಾರೆ ಎಂಬುದನ್ನೂ ಕಂಡಿದ್ದೆ.

"ಅತ್ತೆ, ಹೊಗೆ ಆಚೆ ಇಡಿ. ಕೋಲಾರಕ್ಕೆ ಹೋಗ್ಬೇಕು, ಈಗ್ಲೇ."

"ಶೀತಕ್ಕೆಲ್ಲ ಕೋಲಾರಾನಾ? ಎರಡು ದಿನ ಎದೆಗೆ ಎಲೆ ಹಾಕಿದ್ರೆ ಇಳೀತದೆ. ನನ್ನ ಮೂರು ಮಕ್ಳೂ ಹಿಂಗೇ ಬೆಳೆದಿದ್ದು."

"ಪಕ್ಕೆ ಎಳೀತಾ ಐತೆ ನೋಡಿ. ಇದು ಎಲೆಗೆ ಇಳಿಯೋದಲ್ಲ."

ನಾನು ಅತ್ತೆಗೆ ದನಿ ಎತ್ತಿ ಮಾತಾಡಿದ್ದು ಅದೇ ಮೊದಲು. ರಾತ್ರಿ ಶಿಫ್ಟು ಮುಗಿಸಿ ಆಗತಾನೇ ಬಂದಿದ್ದ ನನ್ನ ಗಂಡ ಶೂ ಬಿಚ್ಚದೆ ಹಾಗೇ ಹೋಗಿ ಪಕ್ಕದವರ ಕಾರು ತಂದ. ನಾದಿನಿ ಮಗುವನ್ನು ಎತ್ತಿಕೊಂಡಳು, ಅತ್ತೆಯೂ ಹಿಂದೆಯೇ ಬಂದು ಹತ್ತಿದರು. ಮಾವನವರು ಶೆಡ್ಡಿನಿಂದ ಬಂದವರು ಕೈಯ ಉಳಿಯನ್ನೂ ಕೆಳಗಿಡದೆ ಮುಂದಿನ ಸೀಟಿನಲ್ಲಿ ಕೂತರು. ಕೋಲಾರ ಮುಟ್ಟುವವರೆಗೆ ನಾನು ಮಗುವಿನ ಉಸಿರು ಎಣಿಸುತ್ತಿದ್ದೆ, ಎಣಿಕೆ ತಪ್ಪುತ್ತಿತ್ತು, ಮತ್ತೆ ಮೊದಲಿಂದ ಎಣಿಸುತ್ತಿದ್ದೆ.

ಆಸ್ಪತ್ರೆಯಲ್ಲಿ ಕೂಡಲೇ ಒಳಗೆ ಕರೆದುಕೊಂಡರು. ಮೂಗಿಗೆ ಆಕ್ಸಿಜನ್ನಿನ ಸಣ್ಣ ಕೊಳವೆ, ಕೈಗೆ ಸೂಜಿ, ಬಾಯಿಂದ ಹೊಟ್ಟೆಗೆ ಹಾಲಿನ ನಳಿಕೆ. ಒಂದೂವರೆ ತಿಂಗಳ ಮೈಯಲ್ಲಿ ಇಷ್ಟಕ್ಕೆಲ್ಲ ಜಾಗ ಎಲ್ಲಿತ್ತೋ. ಸ್ವಲ್ಪ ಹೊತ್ತಾದ ಮೇಲೆ ಡಾಕ್ಟರಮ್ಮ ಹೊರಗೆ ಬಂದರು. ಚಿಕ್ಕ ವಯಸ್ಸಿನವರು, ನನಗಿಂತ ಹೆಚ್ಚು ದಣಿದಿದ್ದರು.

"ತಂದಿದ್ದು ಒಳ್ಳೇದಾಯ್ತು. ಸಂಜೆ ತನಕ ಇಟ್ಕೊಂಡಿದ್ರೆ ಕಷ್ಟ ಆಗ್ತಿತ್ತು. ಇದು ಒಂದು ವೈರಸ್ಸು. ದೊಡ್ಡೋರಿಗೆ ಬಂದ್ರೆ ಬರೀ ಗಂಟಲು ಕೆರೆತ, ನೆಗಡಿ. ಇಷ್ಟು ಸಣ್ಣ ಮಕ್ಳಿಗೆ ಉಸಿರಿನ ಕೊಳವೆಗಳೇ ಕಟ್ಕೊಳ್ತವೆ. ಇದಕ್ಕೆ ಅಂತ ಔಷಧಿ ಇಲ್ಲ. ಆಕ್ಸಿಜನ್ ಕೊಟ್ಟು ಕಾಯಬೇಕು. ಮನೇಲಿ ಯಾರಿಗಾದ್ರೂ ಕೆಮ್ಮು ಇತ್ತಾ?"

ಮಾವನವರು ಬಾಗಿಲ ಹತ್ತಿರ ನಿಂತಿದ್ದರು. ಅದೇ ಹೊತ್ತಿಗೆ ಅವರಿಗೆ ಕೆಮ್ಮು ಬಂತು. ನಾದಿನಿ ತಿರುಗಿ ಅಪ್ಪನನ್ನು ನೋಡಿದಳು. ಅತ್ತೆಯೂ ನೋಡಿದರು.

"ಅಪ್ಪನಿಗೆ ಯಾವಾಗ್ಲೂ ಇರ್ತದೆ ಡಾಕ್ಟ್ರೇ. ಧೂಳು ಅಂದ್ಕೊಂಡಿದ್ವಿ" ಎಂದಳು ನಾದಿನಿ.

"ಧೂಳಿನ ಕೆಮ್ಮು ಇರೋರಿಗೆ ವೈರಸ್ಸೂ ಬರ್ಬೋದಲ್ವಾ. ಕೆಮ್ಮು ಕೇಳಿ ಯಾವುದು ಅಂತ ಹೇಳೋಕಾಗಲ್ಲ" ಎಂದರು ಡಾಕ್ಟರಮ್ಮ. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

"ನಂದೇ ಇರ್ಬೇಕು" ಎಂದರು ಮಾವ. ಅಷ್ಟು ಹೇಳಿ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ಹೊರಗೆ ನಡೆದರು. ಆಸ್ಪತ್ರೆಯ ಮುಂದಿನ ಹೊಂಗೆ ಮರದ ಕೆಳಗೆ ಕೂತವರು ಮತ್ತೆ ವಾರ್ಡಿನ ಒಳಗೆ ಕಾಲಿಡಲಿಲ್ಲ.

ನಾನು ಆಗ ಬಾಯಿ ಬಿಡಬೇಕಿತ್ತು. ನನ್ನ ಗಂಟಲು, ನನ್ನ ಮೂರು ದಿನ, ಎಲ್ಲ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಗಾಜಿನಾಚೆ ಮಗು ಮಲಗಿತ್ತು, ಅದು ಉಳಿಯುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಉಳಿಯದಿದ್ದರೆ? ಮಕ್ಕಳಿಲ್ಲದವಳು ಕೂಸನ್ನು ಎತ್ತಿಕೊಂಡಿದ್ದಳು, ಅವಳಿಂದಲೇ ಆಯಿತು ಎಂದು ಆಡಿಕೊಳ್ಳುವುದಕ್ಕೆ ಊರಿಗೆ ವೈರಸ್ಸಿನ ಹೆಸರೂ ಬೇಕಾಗಿರಲಿಲ್ಲ. ಹೆದರಿದೆ. ಮಾವನವರ ಹಾಗೆ "ನಂದೇ ಇರ್ಬೇಕು" ಎನ್ನುವ ಧೈರ್ಯ ನನಗೆ ಬರಲಿಲ್ಲ. ಅವರಿಗೆ ಅದು ತಮ್ಮದೆಂದು ಗೊತ್ತಿರಲೂ ಇಲ್ಲ, ಆದರೂ ಅಂದರು.

ಎರಡನೇ ದಿನ ಮಗುವಿನ ಸ್ಥಿತಿ ಇನ್ನೂ ಕೆಟ್ಟಿತು. ಉಸಿರಾಡಿಸುವ ದೊಡ್ಡ ಮಷೀನಿಗೆ ಹಾಕಬೇಕಾಗಬಹುದು, ತಯಾರಾಗಿರಿ ಎಂದರು. ಶ್ರೀನಿವಾಸಪುರದಿಂದ ಬಂದಿದ್ದ ಮಗುವಿನ ತಂದೆ ಗೋಡೆಗೆ ಒರಗಿ ನಿಂತೇ ಇದ್ದ. ಆ ಬೆಳಗ್ಗೆ ನಾನು ಹೊಂಗೆ ಮರದ ಹತ್ತಿರ ಕಾಫಿ ತೆಗೆದುಕೊಂಡು ಹೋದಾಗ ಮಾವ ಲೋಟ ಮುಟ್ಟಲಿಲ್ಲ.

"ಆ ಕಡ್ಡಿ ಐತಲ್ಲಮ್ಮ, ನೀನು ಎಲ್ರಿಗೂ ಹಾಕ್ತೀಯಲ್ಲ. ನನಗೂ ಹಾಕು. ಗೊತ್ತಾಗ್ಲಿ."

ಅವರನ್ನು ಬಸ್ಸಿನಲ್ಲಿ ನಮ್ಮ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಡಾಕ್ಟರ ಹತ್ತಿರ ಚೀಟಿ ಬರೆಸಿ, ಸ್ಟೂಲಿನ ಮೇಲೆ ಕೂರಿಸಿ ಗಂಟಲಿನಿಂದ ಮಾದರಿ ತೆಗೆದೆ. ಎಷ್ಟು ಜನರ ಬಾಯಿ ನೋಡಿದ್ದೇನೋ, ಇಷ್ಟು ವಿಧೇಯವಾಗಿ ತೆರೆದ ಬಾಯಿಯನ್ನು ನೋಡಿರಲಿಲ್ಲ. ಅವರು ಹೊರಗೆ ಹೋದ ಮೇಲೆ ನನಗೂ ಒಂದು ಚೀಟಿ ಬರೆಸಿಕೊಂಡು ಬಂದು, ಕೈ ತೊಳೆಯುವ ಸಿಂಕಿನ ಮೇಲಿನ ಕನ್ನಡಿ ನೋಡಿಕೊಂಡು ನನ್ನ ಗಂಟಲಿಗೆ ನಾನೇ ಕಡ್ಡಿ ಹಾಕಿಕೊಂಡೆ. ಎರಡು ಟ್ಯೂಬುಗಳೂ ಒಂದೇ ಪೆಟ್ಟಿಗೆಯಲ್ಲಿ ಬೆಂಗಳೂರಿಗೆ ಹೋದವು. ನನ್ನದರಲ್ಲಿ ಏನೂ ಇಲ್ಲ ಎಂದು ಬರಲಿ, ಅವರದರಲ್ಲಿ ಇದೆ ಎಂದು ಬರಲಿ ಎಂದು ನಾನು ದೇವರಲ್ಲಿ ಬೇಡಿಕೊಂಡೆ. ಬೇಡಿಕೊಂಡಿದ್ದು ನಿಜ, ಬರೆಯಲೂ ನಾಚಿಕೆಯಾಗುತ್ತದೆ.

ಮೂರನೇ ದಿನ ಮಗುವಿನ ಉಸಿರು ಸ್ವಲ್ಪ ಹದಕ್ಕೆ ಬಂತು. ನಾಲ್ಕನೇ ದಿನ ಪಕ್ಕೆ ಎಳೆಯುವುದು ಕಡಿಮೆಯಾಯಿತು. ಆರನೇ ದಿನ ಕೊಳವೆಗಳನ್ನೆಲ್ಲ ತೆಗೆದರು, ಅದು ತಾಯಿಯ ಎದೆಗೆ ಬಾಯಿ ಹಾಕಿ ಕಣ್ಣು ಮುಚ್ಚಿಕೊಂಡು ಚೀಪಿತು. ನಾದಿನಿ ಅತ್ತಳು, ನನಗೂ ಅಳು ಬಂತು. ಮನೆಗೆ ಬಂದ ಮೇಲೆ ಅತ್ತೆ ದೃಷ್ಟಿ ತೆಗೆದು ಹಾಕಿ, ಬಂದುಹೋದವರಿಗೆಲ್ಲ ಒಂದೇ ಕತೆ ಹೇಳತೊಡಗಿದರು. ನನ್ನ ಸೊಸೆ ಇಲ್ದಿದ್ರೆ ಮಗು ನಮಗೆ ದಕ್ತಿರ್ಲಿಲ್ಲ, ನಾನು ಎಲೆ ಹಾಕ್ತಾ ಕೂತಿದ್ದೆ, ಅವಳು ನೋಡಿದ್ದೇ ಕೈಲಿ ಎತ್ಕೊಂಡು ಓಡಿದ್ಳು. ಕತೆಯ ಇನ್ನೊಂದು ತುದಿಯಲ್ಲಿ ಮಾವನವರು ಇರುತ್ತಿದ್ದರು. ಅದನ್ನು ಅತ್ತೆ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಶೆಡ್ಡಿನ ಕಡೆ ಒಮ್ಮೆ ಕಣ್ಣು ಹಾಯಿಸಿದರೆ ಬಂದವರಿಗೆ ಅರ್ಥವಾಗುತ್ತಿತ್ತು.

ಮಾವನವರಿಗೆ ಯಾರೂ ಬರಬೇಡ ಅನ್ನಲಿಲ್ಲ, ಅವರಾಗಿಯೇ ಹೋಗುವುದನ್ನು ಬಿಟ್ಟರು. ತಟ್ಟೆಯನ್ನು ಜಗಲಿಗೇ ತರಿಸಿಕೊಂಡು ಊಟ ಮಾಡುತ್ತಿದ್ದರು. ಕೆಮ್ಮು ಬಂದರೆ ಎದ್ದು ಬೀದಿಗೆ ಹೋಗಿ ಕೆಮ್ಮಿ ಬರುತ್ತಿದ್ದರು. ಸಂಜೆ ಐದೂವರೆಗೆ ನಿಲ್ಲುತ್ತಿದ್ದ ಕೆಲಸ ಕತ್ತಲಾಗುವವರೆಗೂ ನಡೆಯುತ್ತಿತ್ತು. ಒಳಗೆ ಮಗು ಅತ್ತರೆ ಉಳಿಯ ಸದ್ದು ನಿಲ್ಲುತ್ತಿತ್ತು, ಅಳು ನಿಂತ ಮೇಲೆ ಮತ್ತೆ ಶುರುವಾಗುತ್ತಿತ್ತು.

ಹತ್ತು ದಿನಕ್ಕೆ ಹಾಳೆ ಬಂತು. ಮಾವನವರ ಹೆಸರಿನ ಮುಂದೆ ಏನೂ ಇರಲಿಲ್ಲ. ನನ್ನ ಹೆಸರಿನ ಮುಂದೆ ಆರ್‌ಎಸ್‌ವಿ ಎಂದಿತ್ತು. ಕೋಲಾರದಲ್ಲಿ ಮಗುವಿಗೆ ಹೇಳಿದ್ದೂ ಅದೇ ಹೆಸರು. ಒಂದು ಪರೀಕ್ಷೆಯಲ್ಲಿ ಸಿಗಲಿಲ್ಲ ಎಂದ ಮಾತ್ರಕ್ಕೆ ಇರಲೇ ಇಲ್ಲ ಎಂದು ಹೇಳಲಾಗದು ಎಂಬುದು ನನಗೆ ಗೊತ್ತಿದೆ, ಅದನ್ನು ರೋಗಿಗಳಿಗೆ ನಾನೇ ಹೇಳುತ್ತೇನೆ. ಆದರೆ ಅವತ್ತು ಹಾಳೆ ಹಿಡಿದು ಕೂತ ನನಗೆ ಅನುಮಾನ ಉಳಿಯಲಿಲ್ಲ. ಬಾಗಿಲಲ್ಲಿ ಕೇಳಿದ ಪ್ರಶ್ನೆಗೆ ನಾನು ಕೊಟ್ಟ ಉತ್ತರದಿಂದ ಒಂದು ಕೂಸು ಆರು ದಿನ ಉಸಿರಿಗಾಗಿ ಒದ್ದಾಡಿತು, ಒಬ್ಬ ಮುದುಕರು ಮೊಮ್ಮಗಳನ್ನು ಕಳೆದುಕೊಂಡರು. ಹಾಳೆಯನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡೆ. ಎಂಟು ದಿನ ಅದು ಬ್ಯಾಗಿನಲ್ಲೇ ಓಡಾಡಿತು.

ಒಂದು ಭಾನುವಾರ ಮಧ್ಯಾಹ್ನ ಎಲ್ಲರೂ ನಡುಮನೆಯಲ್ಲಿ ಅವರೆಕಾಳು ಹಿಸುಕುತ್ತಾ ಕೂತಿದ್ದೆವು. ಮಾವ ಬಾಗಿಲಾಚೆ ಜಗಲಿಯಲ್ಲಿ ತಮ್ಮದೊಂದು ಪಾತ್ರೆ ಇಟ್ಟುಕೊಂಡು ಹಿಸುಕುತ್ತಿದ್ದರು. ಇನ್ನು ತಡೆಯಲಾಗಲಿಲ್ಲ. ಎದ್ದು ಹೋಗಿ ಹಾಳೆ ತಂದು ನಡುವೆ ಇಟ್ಟೆ. ಅವತ್ತು ನನಗೆ ಗಂಟಲು ಕೆರೆಯುತ್ತಿತ್ತು, ಧೂಳು ಎಂದು ಸುಳ್ಳು ಹೇಳಿದೆ, ಮಗುವಿಗೆ ಬಂದದ್ದು ನನ್ನಿಂದ, ಮಾವನವರಿಂದ ಅಲ್ಲ ಎಂದು ಒಂದೇ ಉಸಿರಿಗೆ ಹೇಳಿದೆ. ಹೇಳಿ ತಲೆ ತಗ್ಗಿಸಿ ಕೂತೆ. ಬೈಗುಳಕ್ಕೆ, ಹೊಡೆತಕ್ಕೂ ಸಿದ್ಧಳಾಗಿದ್ದೆ.

ಯಾರೂ ಬೈಯಲಿಲ್ಲ. ಅತ್ತೆ ನನ್ನ ಮುಖ ನೋಡಿ ಮೆಲ್ಲಗೆ ನಕ್ಕರು.

"ಅಲ್ಲಿ ಕೆಲ್ಸ ಮಾಡೋಳೂ ನೀನೇ, ಕಾಗ್ದ ತರೋಳೂ ನೀನೇ. ಹೆಂಗೆ ಬೇಕೋ ಹಂಗೆ ಬರ್ಸ್ಕಂಡು ಬಂದಿದ್ದೀಯ. ನಿಮ್ಮಾವ ಒಬ್ರೇ ಹಂಗೆ ಕೂತಿರೋದು ನೋಡೋಕಾಗ್ದೆ ತಾನೇ?"

"ಇಲ್ಲ ಅತ್ತೆ, ನಿಜವಾಗ್ಲೂ..."

"ಬಿಡಿ ಅತ್ತಿಗೆ" ಎಂದು ನಾದಿನಿ ನನ್ನ ಕೈ ಹಿಡಿದುಕೊಂಡಳು. ಅವಳ ಕಣ್ಣು ತುಂಬಿತ್ತು. "ನನ್ನ ಮಗು ಉಳಿಸಿದೋರು ನೀವು. ನಿಮ್ಮಿಂದ ಬಂತು ಅಂದ್ರೆ ನಂಬೋಕೆ ನನಗೇನು ತಲೆ ಕೆಟ್ಟಿದ್ಯಾ? ಅಪ್ಪನ ಮೇಲೆ ನಮಗೇನೂ ಕೋಪ ಇಲ್ಲ. ಅವರಿಗೆ ಗೊತ್ತಾಗ್ಲಿಲ್ಲ, ಅಷ್ಟೇ."

ನಾನು ಹಾಳೆಯಲ್ಲಿ ಬೆರಳಿಟ್ಟು ತೋರಿಸಿದೆ. ಆಣೆ ಮಾಡಿದೆ. ಮಾಡಿದಷ್ಟೂ ನಾನು ಇನ್ನಷ್ಟು ಒಳ್ಳೆಯವಳಾದೆ. ಇಂಥ ಸೊಸೆ ಸಿಗಬೇಕು ಎಂದು ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಲ್ಯಾಬಿನ ಹಾಳೆಯನ್ನು ಯಾರೂ ನಂಬದಿದ್ದುದನ್ನು ನಾನು ಬೇಕಾದಷ್ಟು ಸಲ ಕಂಡಿದ್ದೇನೆ. ನನ್ನ ಮೇಲಿನ ಪ್ರೀತಿಗಾಗಿ ನಂಬದೇ ಇದ್ದದ್ದು ಅದೊಂದೇ ಸಲ.

ಮಾವ ಜಗಲಿಯಿಂದಲೇ ಕೈ ಚಾಚಿದರು. ಹಾಳೆ ಕೊಟ್ಟೆ. ಅದು ಇಂಗ್ಲಿಷಿನಲ್ಲಿತ್ತು, ಅವರಿಗೆ ಬರುವುದಿಲ್ಲ.

"ನಂದ್ರಲ್ಲಿ ಏನೂ ಇಲ್ಲ ಅಂತ ಐತಾ?"

"ಏನೂ ಇಲ್ಲ ಮಾವ. ನಿಮ್ಮಿಂದ ಬಂದಿದ್ದಲ್ಲ."

ಅವರು ಹಾಳೆಯನ್ನು ಮೊದಲಿನ ಮಡಿಕೆಯಲ್ಲೇ ಮಡಿಸಿ ವಾಪಸು ಕೊಟ್ಟರು. ಅವತ್ತು ಸಂಜೆ ಬೇಗನೆ ಸ್ನಾನ ಮಾಡಿ ಬಂದು ಕೋಣೆಯ ಬಾಗಿಲಲ್ಲಿ ನಿಂತರು. ನಾದಿನಿ ಅವರನ್ನು ನೋಡಿದಳು, ಮಗುವನ್ನು ನೋಡಿದಳು. "ಇನ್ನೊಂದು ಸ್ವಲ್ಪ ದಿನ ಹೋಗ್ಲಿ ಅಪ್ಪಾ" ಎಂದಳು. ಗಟ್ಟಿಯಾಗಿಯೂ ಹೇಳಲಿಲ್ಲ, ಕೋಪದಿಂದಲೂ ಹೇಳಲಿಲ್ಲ. "ಆಗ್ಲಿ, ಆಗ್ಲಿ" ಎನ್ನುತ್ತಾ ಮಾವ ತಿರುಗಿ ಹೋದರು.

ಮಗುವಿಗೆ ಮೂರು ತಿಂಗಳು ತುಂಬಿದ ಮೇಲೆ ಶ್ರೀನಿವಾಸಪುರದಿಂದ ಗಾಡಿ ಬಂತು. ಹೊರಡುವ ಮೊದಲು ಮಗುವನ್ನು ಮನೆಯವರೆಲ್ಲರ ಕೈಗೂ ಒಂದೊಂದು ಸಲ ಕೊಟ್ಟು ಕರೆದುಕೊಂಡು ಹೋಗುವುದು ನಮ್ಮಲ್ಲಿ ರೂಢಿ. ಅತ್ತೆ ಎತ್ತಿಕೊಂಡು ನೆಟಿಕೆ ಮುರಿದು ಮುದ್ದಿಸಿದರು. ನನ್ನ ಗಂಡ ಎತ್ತಿಕೊಂಡ. ಆಮೇಲೆ ನನ್ನ ಕೈಗೆ ಬಂತು. ಎಲ್ಲರ ಕೈ ಮುಗಿಯಿತು ಎಂಬಂತೆ ನಾದಿನಿ ಗಾಡಿಯೊಳಗೆ ಚೀಲ ಜೋಡಿಸಲು ಬಗ್ಗಿದಳು. ಮಾವ ಶೆಡ್ಡಿನ ಕಂಬದ ಹತ್ತಿರ ನಿಂತಿದ್ದರು. ಕೈ ತೊಳೆದುಕೊಂಡಿದ್ದರು, ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

ನನಗೂ ಅವರಿಗೂ ನಡುವೆ ಹತ್ತು ಹೆಜ್ಜೆಯೂ ಇರಲಿಲ್ಲ. ನಾದಿನಿ ಏನಾದರೂ ಅಂದುಕೊಳ್ಳಲಿ ಎಂದು ನಾನು ಮಗುವನ್ನು ಎತ್ತಿಕೊಂಡು ನೆಟ್ಟಗೆ ಅವರ ಮುಂದೆ ಹೋಗಿ ನಿಂತೆ. "ತಗೊಳ್ಳಿ ಮಾವ" ಎಂದು ಕೈ ಚಾಚಿದೆ. ಮಗು ಅವರ ಮುಖ ನೋಡಿ ಕಾಲು ಬಡಿಯಿತು. ಅವರ ಕೈಗಳು ಎದೆಮಟ್ಟಕ್ಕೆ ಬಂದವು. ಬಂದು ಅಲ್ಲೇ ನಿಂತವು. ಆಮೇಲೆ ಅವರು ಒಂದು ಹೆಜ್ಜೆ ಹಿಂದಕ್ಕಿಟ್ಟರು.

"ಬೇಡಮ್ಮ" ಎಂದರು. "ನೀನು ಒಳ್ಳೇದಕ್ಕೇ ಹೇಳಿರ್ತೀಯ. ಆದ್ರೂ ಬೇಡ. ಎಳೇ ಕೂಸು."

ಹಾಗಾದರೆ ಅವರೂ ನನ್ನನ್ನು ನಂಬಿರಲಿಲ್ಲ. ಮಗು ನನ್ನ ಕೈಯಲ್ಲೇ ಇತ್ತು. ನಾದಿನಿ ಬಂದು ಅದನ್ನು ತೆಗೆದುಕೊಂಡಳು, ನನ್ನನ್ನು ತಬ್ಬಿಕೊಂಡಳು, ಅಪ್ಪನಿಗೆ ದೂರದಿಂದ ಕೈ ಮುಗಿದಳು.